ಪೂಜೆ ಮುಗಿದ ಕೂಡಲೇ ಹೊರಡಬೇಡಿ

ಕೆಲಸಕ್ಕೆಂದು ಉಡುಪಿಗೆ ಬಂದು ವರ್ಷವಾಯಿತು, ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತೇನೆ, ಆದರೂ ಒಬ್ಬರ ಪರಿಚಯವೂ ಇಲ್ಲ, ಕೊಂಕಣಿಯೂ ಬರಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಓದುತ್ತಾ ನನಗೆ ಇಲ್ಲಿನ ನನ್ನ ಮೊದಲ ವರ್ಷ ನೆನಪಾಯಿತು. ನಾನು ಹಾಸನದ ಕಡೆಯವಳು. ಮನೆಯಲ್ಲೂ ಕನ್ನಡ, ಊರಿನ ಚರ್ಚಿನಲ್ಲೂ ಕನ್ನಡ. ಇಲ್ಲಿ ಕೊಂಕಣಿ ಪೂಜೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದೆ. ಕೊನೆಯ ಹಾಡು ಮುಗಿಯುವ ಮೊದಲೇ ಗೇಟು ದಾಟುತ್ತಿದ್ದೆ. ಆಮೇಲೆ ಮನೆಗೆ ಬಂದು, ಇಲ್ಲಿನವರು ಮಾತೇ ಆಡಿಸಲ್ಲ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದೆ. ಅವರಿಗೆ ಮಾತಾಡಿಸಲು ನಾನು ಸಿಗಬೇಕಲ್ವಾ?

ಭಾಷೆಗೆ ಹೆದರಬೇಡಿ. ಇಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಹಾಡಿನ ಪುಸ್ತಕ ಹಿಡಿದರೆ ಮೊದಲ ದಿನವೇ ಹಾಡಬಹುದು, ಅರ್ಥ ನಿಧಾನಕ್ಕೆ ಬರುತ್ತದೆ. ಯಾರಾದರೂ ಸಹಾಯ ಮಾಡಿದರೆ 'ದೇವ್ ಬರೆಂ ಕರುಂ' ಅನ್ನಿ. ದೇವರು ಒಳ್ಳೆಯದು ಮಾಡಲಿ ಎಂದರ್ಥ, ನಮ್ಮ ಧನ್ಯವಾದದ ಜಾಗದಲ್ಲಿ ಬರುವ ಮಾತು. ಇಷ್ಟು ಕೇಳಿದರೇ ಎದುರಿನವರ ಮುಖ ಅರಳುತ್ತದೆ.

ಆಮೇಲೆ ನಿಮ್ಮ ವಾರ್ಡಿನ ಗುರ್ಕಾರರನ್ನು ಹುಡುಕಿ. ಚರ್ಚಿಗೆ ಸೇರಿದ ಮನೆಗಳನ್ನು ಇಲ್ಲಿ ವಾರ್ಡುಗಳಾಗಿ ಹಂಚಿರುತ್ತಾರೆ, ಒಂದೊಂದಕ್ಕೂ ಒಬ್ಬ ಮುಖ್ಯಸ್ಥರು, ಅವರೇ ಗುರ್ಕಾರ್. ಭಾನುವಾರದ ಜನಸಂದಣಿಯಲ್ಲಿ ಕಳೆದುಹೋಗುವ ನಾವು ವಾರ್ಡಿನ ಪ್ರಾರ್ಥನೆಗೆ ಹೋದರೆ ಕಳೆದುಹೋಗಲ್ಲ. ಯಾರದೋ ಮನೆಯ ಜಗಲಿ, ಹದಿನೈದು ಇಪ್ಪತ್ತು ಜನ, ಕೊನೆಗೆ ಚಹಾ. 'ನೀವು ಯಾವ ಊರಿನವರು?' ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆದರೆ ನನ್ನನ್ನು ನಿಜವಾಗಿ ಒಳಗೆ ಸೇರಿಸಿಕೊಂಡಿದ್ದು ಕೆಲಸ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ತೆನೆ ಹಬ್ಬ, ಇಲ್ಲಿ ತುಂಬಾ ದೊಡ್ಡದು. ಅದಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಮಾತೆ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆ ಮನೆಗೂ ಕೊಡುತ್ತಾರೆ. ಮಕ್ಕಳಿಗೆ ಕಬ್ಬು. ಎರಡನೇ ವರ್ಷ ನಾನು ಹಿಂದಿನ ದಿನ ಸುಮ್ನೆ ಹೋಗಿ, 'ಏನಾದರೂ ಮಾಡಲಾ?' ಎಂದು ಕೇಳಿದೆ. ತೆನೆ ಬಿಡಿಸುವ ಗುಂಪಿನಲ್ಲಿ ಕೂರಿಸಿದರು. ಒಂದು ವರ್ಷದಲ್ಲಿ ಆಗದ ಪರಿಚಯ ಆ ಒಂದು ಸಂಜೆಯಲ್ಲಿ ಆಯಿತು. ಕೈ ಕೆಲಸದಲ್ಲಿದ್ದರೆ ಅಪರಿಚಿತರ ಜೊತೆಗೂ ಮಾತು ಸಲೀಸು.

ಆ ತೆನೆ ಚರ್ಚಿನ ಹೊರಗೂ ದಾರಿ ತೋರಿಸಿತು. ನಾನು ಅದನ್ನು ಮನೆಗೆ ತರುವುದನ್ನು ನೋಡಿ ಪಕ್ಕದ ಮನೆಯ ಅಕ್ಕ, 'ನಮ್ಮಲ್ಲೂ ಕುರಲ್ ಪರ್ಬಕ್ಕೆ ಹೀಗೇ ತರ್ತೇವೆ' ಎಂದರು. ಅವರು ತುಳುವರು, ಕುರಲ್ ಪರ್ಬ ಅವರ ತೆನೆ ಹಬ್ಬ. ಅವರ ಹೊಸ ಅಕ್ಕಿ ಊಟಕ್ಕೆ ನಮ್ಮನ್ನು ಕರೆದರು, ಹೋದೆವು. ನನಗೆ ಅನ್ನಿಸುವುದು, ನಾವು ಕರೆಯುವುದರಲ್ಲಿ ಮುಂದೆ, ಹೋಗುವುದರಲ್ಲಿ ಹಿಂದೆ. ಕ್ರಿಸ್‌ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಅಕ್ಕಪಕ್ಕದವರಿಗೆಲ್ಲ ಕೊಡುತ್ತೇವೆ, ಆದರೆ ಗೇಟಿನಲ್ಲೇ ಕೊಟ್ಟು ವಾಪಸ್. ಒಳಗೆ ಹೋಗಿ ಕೂರಿ. ಬೆಲ್ಲ, ನೀರು ಕೊಟ್ಟರೆ ತೆಗೆದುಕೊಳ್ಳಿ. ಅವರ ಮನೆಯ ಮದುವೆಗೆ, ಸಾವಿಗೆ ಹೋಗಿ. ಇನ್ನೊಂದು ಮಾತು: ಅವರನ್ನು ನಮ್ಮ ಕಡೆಗೆ ತರಬೇಕು ಎಂಬ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಅದು ಗೊತ್ತಾಗಿಬಿಡುತ್ತದೆ, ನೋವೂ ಆಗುತ್ತದೆ.

ಜನವರಿಯಲ್ಲಿ ಕಾರ್ಕಳದ ಹತ್ತಿರ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೂ ಒಮ್ಮೆ ಹೋಗಿ ಬನ್ನಿ. ಎಲ್ಲ ಧರ್ಮದವರೂ ಮೊಂಬತ್ತಿ ಹಿಡಿದು ನಿಂತಿರುತ್ತಾರೆ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಕರೆಯಿರಿ.

ನಾಲ್ಕು ವರ್ಷದ ಹಿಂದೆ ನನ್ನ ಅತ್ತೆ ತೀರಿಕೊಂಡರು. ರಾತ್ರಿ ಹತ್ತಕ್ಕೆ ಗುರ್ಕಾರರಿಗೆ ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ವಾರ್ಡಿನವರು ಬಂದು ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದರು. ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಎಲ್ಲರಿಗೂ ಗಂಜಿ, ಉಪ್ಪಿನಕಾಯಿ ತಂದರು. ನಾನು ಯಾರನ್ನೂ ಏನನ್ನೂ ಕೇಳಿರಲಿಲ್ಲ.

ಈ ಭಾನುವಾರ ಪೂಜೆ ಮುಗಿದ ಮೇಲೆ ಹದಿನೈದು ನಿಮಿಷ ನಿಲ್ಲಿ. ಗುರ್ಕಾರರ ಫೋನ್ ನಂಬರನ್ನು ಚರ್ಚಿನ ಆಫೀಸಿನಲ್ಲಿ ಕೇಳಿ.