ನೀರ್ ಸಾಬ್ ಬರೀ ಬೋರ್‌ವೆಲ್ ಮಂತ್ರಿ ಅಲ್ಲ

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ಅಬ್ದುಲ್ ನಜೀರ್ ಸಾಬ್ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಒಬ್ಬ ಖಾತೆ ಮಂತ್ರಿಗೆ ಇಷ್ಟು ಜಾಗ ಯಾಕೆ? ಅವರು ಮುಖ್ಯಮಂತ್ರಿಯೂ ಆಗಲಿಲ್ಲ, ದಿಲ್ಲಿಗೂ ಹೋಗಲಿಲ್ಲ. ಊರೂರಿಗೆ ಬೋರ್‌ವೆಲ್ ಕೊರೆಸಿದರು ಅಂತ ಹೊಗಳುತ್ತೀರಿ. ನಮ್ಮ ಪಾವಗಡಕ್ಕೆ ಬಂದು ನೋಡಿ. ಬೋರ್‌ವೆಲ್ ಬತ್ತಿವೆ, ಬತ್ತದೆ ಉಳಿದವುಗಳಲ್ಲಿ ಫ್ಲೋರೈಡ್. ಇನ್ನು ಅವರ ಪಂಚಾಯತಿ ಕಾಯ್ದೆ. ಬೆಂಗಳೂರಿನಲ್ಲಿದ್ದ ಲಂಚವನ್ನು ಹಳ್ಳಿಗೆ ತಂದುಬಿಟ್ಟಿತು, ಅಷ್ಟೇ. ದಯವಿಟ್ಟು ಸತ್ತವರನ್ನೆಲ್ಲ ದೇವರು ಮಾಡಬೇಡಿ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಒಂದಕ್ಷರ ಕತ್ತರಿಸದೆ ಹಾಕಿದ್ದೇವೆ. ನೀರಿನ ವಿಷಯದಲ್ಲಿ ಸ್ವಲ್ಪ ಸಮಾಧಾನದಿಂದ ಮಾತಾಡಿ ಅಂತ ಪಾವಗಡದವರಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಫ್ಲೋರೈಡ್‌ನಿಂದ ಕಂದು ಬಣ್ಣಕ್ಕೆ ತಿರುಗಿದ ಮಕ್ಕಳ ಹಲ್ಲು, ನಡುವಯಸ್ಸಿಗೇ ಹಿಡಿದುಕೊಳ್ಳುವ ಮೊಣಕಾಲು, ಬೆನ್ನು, ಇವನ್ನು ದಿನಾ ನೋಡುವವರು ನೀವು. ಆದರೆ ಈ ಕಷ್ಟದ ಹೊಣೆಯನ್ನು ನೀವು ಯಾರ ತಲೆಗೆ ಕಟ್ಟಿದ್ದೀರೋ, ಅದನ್ನು ನಾನು ಒಪ್ಪಲಾರೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು 1983ಕ್ಕೆ ಹೋಗೋಣ. ಆ ವರ್ಷದ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಜನತಾ ಪಕ್ಷಕ್ಕೆ ಸ್ವಂತ ಬಹುಮತ ಇರಲಿಲ್ಲ, ಬೇರೆಯವರ ಬೆಂಬಲದ ಮೇಲೆ ನಿಂತ ಸರ್ಕಾರ ಅದು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿದ್ದು ಗುಂಡ್ಲುಪೇಟೆಯ ನಜೀರ್ ಸಾಬ್‌ಗೆ. ಮೈಸೂರಿಂದ ಊಟಿಗೆ ಹೋಗುವಾಗ ಬಂಡೀಪುರ ಕಾಡಿಗೆ ಮುಂಚೆ ಸಿಗುವ ಊರು ಗುಂಡ್ಲುಪೇಟೆ. ಹಿಂದುಳಿದ ತಾಲ್ಲೂಕು, ಹೆಚ್ಚಿನ ಭೂಮಿ ಮಳೆ ನಂಬಿದ್ದು. ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಕೆ. ಎಸ್. ನಾಗರತ್ನಮ್ಮನವರೂ ಅದೇ ಕ್ಷೇತ್ರದವರು. ನೀರಿಗಾಗಿ ಹೆಂಗಸರು ಎಷ್ಟು ದೂರ ನಡೆಯುತ್ತಾರೆ ಅನ್ನುವುದು ಆ ಕಡೆಯ ರಾಜಕಾರಣಿಗೆ ಫೈಲಿನಿಂದ ಗೊತ್ತಾಗಬೇಕಾಗಿಲ್ಲ, ಅಲ್ವಾ?

ಎಂಬತ್ತರ ದಶಕ ನಮ್ಮ ರಾಜ್ಯಕ್ಕೆ ಬರಗಾಲದ ದಶಕ. ಒಂದರ ಮೇಲೊಂದು ವರ್ಷ ಮಳೆ ಕೈಕೊಟ್ಟಿತು. ಆಗಿನ ಹಳ್ಳಿಯಲ್ಲಿ ಕುಡಿಯುವ ನೀರು ಅಂದರೆ ತೆರೆದ ಬಾವಿ, ಕೆರೆ, ಇಲ್ಲವೇ ಹಳ್ಳದಲ್ಲಿ ತೋಡಿದ ಒರತೆ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ ಮೆಟ್ಟಿಲು ಬಾವಿ. ಜನ ಕಾಲು ನೀರಿಗಿಳಿಸಿಯೇ ಕೊಡ ತುಂಬಬೇಕು, ಅದೇ ನೀರನ್ನೇ ಕುಡಿಯಬೇಕು. ನಾರುಹುಣ್ಣು ಹರಡುತ್ತಿದ್ದದ್ದು ಹೀಗೆಯೇ. ಕಾಲಿನ ಹುಣ್ಣಿನಿಂದ ದಾರದಂಥ ಉದ್ದನೆಯ ಹುಳ ಹೊರಗೆ ಬರುತ್ತಿತ್ತು, ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯುತ್ತಿದ್ದರು. ಈಗಿನ ಹುಡುಗರಿಗೆ ಆ ರೋಗದ ಹೆಸರೇ ಗೊತ್ತಿಲ್ಲ. ಗೊತ್ತಿಲ್ಲದೆ ಇರುವುದಕ್ಕೆ ಒಂದು ದೊಡ್ಡ ಕಾರಣ ಕೈಪಂಪು. ದೇಶದ ಕೊನೆಯ ನಾರುಹುಣ್ಣು ಪ್ರಕರಣ ಸಿಕ್ಕಿದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ನೇ ಇಸವಿಯಲ್ಲಿ ಭಾರತ ಅದರಿಂದ ಮುಕ್ತವಾಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಕೀರ್ತಿ ಒಬ್ಬ ಮಂತ್ರಿಯದಲ್ಲ, ಖಂಡಿತ ಅಲ್ಲ. ಆದರೆ ಮುಚ್ಚಿದ ಕೊಳವೆಯಿಂದ ನೀರು ಬಂದರೆ ಹಳ್ಳಿಯಲ್ಲಿ ಏನೇನು ಬದಲಾಗುತ್ತದೆ ಅನ್ನುವುದನ್ನು ಈಗ ಮರೆತುಬಿಟ್ಟಿದ್ದೇವೆ, ಅದಕ್ಕೇ ಇಷ್ಟು ಹೇಳಿದೆ.

ಆಗ ಊರೂರಿಗೆ ಬಂದದ್ದು ಬೋರ್‌ವೆಲ್ ಮೇಲೆ ಕೂರಿಸುವ ಇಂಡಿಯಾ ಮಾರ್ಕ್ ಟು ಅನ್ನುವ ಕೈಪಂಪು. ಎಪ್ಪತ್ತರ ದಶಕದಲ್ಲಿ ಯೂನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪ ಪಡೆದದ್ದು. ಅದಕ್ಕೂ ಮುಂಚೆ ಇದ್ದ ಎರಕದ ಕಬ್ಬಿಣದ ಪಂಪುಗಳು ಒಂದು ಮನೆಯವರು ಬಳಸಲಿಕ್ಕೆ ಮಾಡಿದಂಥವು. ಊರೆಲ್ಲ ಬಂದು ಬೆಳಗಿನಿಂದ ರಾತ್ರಿವರೆಗೆ ಜಗ್ಗಿದರೆ ತಿಂಗಳೊಪ್ಪತ್ತಿನಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಮಾರ್ಕ್ ಟು ಮಾಡಿದ್ದೇ ಊರಿನವರೆಲ್ಲ ಜಗ್ಗಲಿ ಅಂತ. 250 ಜನಕ್ಕೆ ಒಂದು ಪಂಪು, ತಲೆಗೆ ದಿನಕ್ಕೆ 40 ಲೀಟರ್ ನೀರು, ಇದು ದೇಶದ ಲೆಕ್ಕವಾಗಿತ್ತು. ಲೆಕ್ಕ ಕಾಗದದ ಮೇಲೆ ಎಲ್ಲ ರಾಜ್ಯದಲ್ಲೂ ಇತ್ತು. ನಮ್ಮ ನಾಡಿನ ಕರಿಕಲ್ಲಿನಲ್ಲಿ, ಬರದ ನಡುವೆ, ಬೋರ್‌ವೆಲ್ ಕೊರೆಯುವ ರಿಗ್ ಲಾರಿಗಳನ್ನು ಹಳ್ಳಿ ಹಳ್ಳಿಗೆ ಓಡಿಸಿ ಆ ಲೆಕ್ಕವನ್ನು ನೆಲಕ್ಕೆ ತಂದವರಲ್ಲಿ ಮುಂದೆ ನಿಂತವರು ನಜೀರ್ ಸಾಬ್. ಅವರಿಗೆ ನೀರ್ ಸಾಬ್ ಅಂತ ಹೆಸರಿಟ್ಟದ್ದು ಜನ. ಪಕ್ಷವೂ ಅಲ್ಲ, ಪತ್ರಿಕೆಗಳೂ ಅಲ್ಲ.

ಈಗ ನಿಮ್ಮ ಆರೋಪ. ಕೈಪಂಪಿನಿಂದ ಅಂತರ್ಜಲ ಬತ್ತುವುದಿಲ್ಲ ಸರ್. ಒಬ್ಬರು ಬಿಡದೆ ಜಗ್ಗಿದರೂ ಗಂಟೆಗೆ ಸಾವಿರ ಲೀಟರ್ ದಾಟುವುದು ಕಷ್ಟ. ಬತ್ತಿಸಿದ್ದು ಹೊಲದ ಪಂಪ್‌ಸೆಟ್‌ಗಳು, ಸಬ್‌ಮರ್ಸಿಬಲ್ ಮೋಟರ್‌ಗಳು. ಪಕ್ಕದವನ ಬೋರ್‌ವೆಲ್ ನಾಲ್ಕುನೂರು ಅಡಿ ಹೋದರೆ ನಾನು ಆರುನೂರು ಹೋಗುತ್ತೇನೆ ಅನ್ನುವ ಪೈಪೋಟಿ, ಹತ್ತು ಎಚ್‌ಪಿವರೆಗೆ ಪುಕ್ಕಟೆ ಕರೆಂಟು, ಹೂಳು ತುಂಬಿದ ಕೆರೆ, ಒತ್ತುವರಿಯಾದ ರಾಜಕಾಲುವೆ. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ಬರೀ ಪುಡಿ ಮಣ್ಣು ಬರುತ್ತದೆ ಅಂದರೆ ಅದಕ್ಕೆ ಕುಡಿಯುವ ನೀರಿನ ಕೊಡ ಕಾರಣ ಅಲ್ಲ. ರೈತರನ್ನೂ ನಾನು ಬೈಯುತ್ತಿಲ್ಲ. ಕಾಲುವೆ ಇಲ್ಲದ ಬಯಲುಸೀಮೆಯ ರೈತನಿಗೆ ಬೇರೆ ದಾರಿ ಯಾವ ಸರ್ಕಾರ ತೋರಿಸಿತ್ತು?

ಫ್ಲೋರೈಡ್ ವಿಷಯದಲ್ಲಿ ಮಾತ್ರ ನಿಮ್ಮ ಮಾತಿಗೆ ತೂಕ ಇದೆ. ಆಳದ ಕಲ್ಲಿನೊಳಗೆ ಬಹಳ ಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆಗ ಎಲ್ಲರ ಗಮನ ಇದ್ದದ್ದು ನೀರು ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ. ಸಿಕ್ಕ ನೀರಿನಲ್ಲಿ ಏನಿದೆ ಅನ್ನುವ ಪ್ರಶ್ನೆಗೆ ಅಷ್ಟೇ ತುರ್ತು ಸಿಗಲಿಲ್ಲ. ಅದು ಆ ಯೋಜನೆಯ ಕೊರತೆ, ಅದನ್ನು ಮುಚ್ಚಿಟ್ಟು ಹೊಗಳುವುದು ನನಗೂ ಬೇಡ. ಆದರೆ ನಜೀರ್ ಸಾಬ್ ತೀರಿಕೊಂಡು ಮೂರೂವರೆ ದಶಕ ದಾಟಿದೆ. ಆಮೇಲೆ ಬಂದುಹೋದ ಸರ್ಕಾರಗಳು ಪಾವಗಡಕ್ಕೆ ಒಳ್ಳೆ ನೀರು ಕೊಡುವುದನ್ನು ಬಹಳ ವರ್ಷ ಮುಂದೂಡಿದವು. ಅದಕ್ಕೆ ನೀರ್ ಸಾಬ್ ಹೇಗೆ ಹೊಣೆ?

ಇನ್ನು ಪಂಚಾಯತಿ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾದದ್ದು ಈ ಸಾಲಿಗೆ. ನಜೀರ್ ಸಾಬ್ ಬರೀ ಬೋರ್‌ವೆಲ್ ಕೊರೆಸಿ ಹೋಗಿದ್ದರೆ ನಾವು ಒಂದು ಪುಟದಲ್ಲಿ ಮುಗಿಸುತ್ತಿದ್ದೆವು. ಪುಟಗಟ್ಟಲೆ ಬರೆದದ್ದು ಅವರು ತಮ್ಮ ಕೈಯಲ್ಲಿದ್ದ ಅಧಿಕಾರವನ್ನು ತಾವಾಗಿಯೇ ಕೆಳಗೆ ಬಿಟ್ಟುಕೊಟ್ಟರು ಅನ್ನುವ ಕಾರಣಕ್ಕೆ.

ಅದಕ್ಕೂ ಮುಂಚೆ ನಮ್ಮಲ್ಲಿ ಇದ್ದದ್ದು 1959ರ ಕಾಯ್ದೆ. ಊರಿಗೆ ಗ್ರಾಮ ಪಂಚಾಯತಿ, ತಾಲ್ಲೂಕಿಗೆ ತಾಲ್ಲೂಕು ಬೋರ್ಡು. ಜಿಲ್ಲೆಯಲ್ಲಿ ಜನ ಆರಿಸಿದ ಆಡಳಿತ ಅಂತ ಇರಲಿಲ್ಲ, ಅಲ್ಲಿ ಡಿಸಿಯೇ ಎಲ್ಲ. 1983ರಲ್ಲಿ ಹೊಸ ಮಸೂದೆ ಬಂತು. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತಿ ಸಮಿತಿ, ಮಂಡಲ ಪಂಚಾಯತಿ, ಸಣ್ಣಪುಟ್ಟ ವ್ಯಾಜ್ಯ ತೀರಿಸುವ ನ್ಯಾಯ ಪಂಚಾಯತಿ, ಇಷ್ಟೂ ಸೇರಿದ ಉದ್ದ ಹೆಸರಿನ ಕಾಯ್ದೆ. ರಾಷ್ಟ್ರಪತಿಗಳ ಒಪ್ಪಿಗೆ ಸಿಗುವಾಗ 1985 ಬಂದಿತ್ತು. ಮಂಡಲದ ಯೋಚನೆ ಪಂಚಾಯತಿ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿಯ 1978ರ ವರದಿಯಲ್ಲಿತ್ತು. ನಮ್ಮ ಕಾಯ್ದೆಯಲ್ಲಿ ಸುಮಾರು ಹತ್ತು ಸಾವಿರ ಜನಸಂಖ್ಯೆಗೆ ಒಂದು ಮಂಡಲ, ಒಂದೊಂದು ಮಂಡಲದಲ್ಲಿ ಹಲವು ಹಳ್ಳಿ.

ಅಸಲಿ ವಿಷಯ ಇದ್ದದ್ದು ಜಿಲ್ಲಾ ಪರಿಷತ್ತಿನಲ್ಲಿ. ನೇರವಾಗಿ ಗೆದ್ದು ಬಂದ ಸದಸ್ಯರು, ಅವರಲ್ಲೇ ಒಬ್ಬರು ಅಧ್ಯಕ್ಷರು, ಅವರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೆಳಗೆ ಕೆಲಸ ಮಾಡಲು ಒಬ್ಬ ಐಎಎಸ್ ಅಧಿಕಾರಿ. ಆ ಹುದ್ದೆಗೆ ಮುಖ್ಯ ಕಾರ್ಯದರ್ಶಿ ಅಂತಲೇ ಹೆಸರಿಟ್ಟರು, ಮತ್ತು ಡಿಸಿಗಿಂತ ಹಿರಿಯರನ್ನೇ ಅಲ್ಲಿಗೆ ಹಾಕಿದರು. ಶಾಲೆ, ಆಸ್ಪತ್ರೆ, ಕೃಷಿ, ಪಶುವೈದ್ಯ, ಕುಡಿಯುವ ನೀರು, ಹಳ್ಳಿ ರಸ್ತೆ ಎಲ್ಲ ಪರಿಷತ್ತಿನ ಕೈಗೆ ಬಂತು. ಡಿಸಿಗೆ ಉಳಿದದ್ದು ಮುಖ್ಯವಾಗಿ ಕಂದಾಯ, ಕಾನೂನು ಸುವ್ಯವಸ್ಥೆ. ನಮ್ಮ ದೇಶದಲ್ಲಿ ಡಿಸಿ ಅಂದರೆ ಬ್ರಿಟಿಷರ ಕಾಲದಿಂದಲೂ ಜಿಲ್ಲೆಯ ದೊರೆ. ಆ ದೊರೆಯನ್ನು ಪಕ್ಕಕ್ಕೆ ಸರಿಸಿ, ಜನರಿಂದ ಗೆದ್ದವನ ಕೈಗೆ ಜಿಲ್ಲೆ ಕೊಡುವುದು ಸುಮ್ನೆ ಮಾತಲ್ಲ.

ಇದರಿಂದ ಯಾರಿಗೆ ನಷ್ಟ ಅಂತ ಯೋಚಿಸಿ. ಮೊದಲ ನಷ್ಟ ಆ ಖಾತೆಯ ಮಂತ್ರಿಗೇ. ಯಾವ ಊರಿಗೆ ಬೋರ್‌ವೆಲ್, ಯಾವ ಊರಿಗೆ ರಸ್ತೆ, ಯಾವ ಮೇಷ್ಟ್ರಿಗೆ ಎಲ್ಲಿಗೆ ವರ್ಗ, ಇದೆಲ್ಲ ವಿಧಾನಸೌಧದಲ್ಲಿ ತೀರ್ಮಾನ ಆಗುತ್ತಿದ್ದಷ್ಟು ದಿನ ಮಂತ್ರಿ ಮನೆ ಮುಂದೆ ಜನ ನಿಲ್ಲುತ್ತಾರೆ. ಎರಡನೇ ನಷ್ಟ ಶಾಸಕರಿಗೆ. ನಾಳೆ ಜಿಲ್ಲಾ ಪರಿಷತ್ ಅಧ್ಯಕ್ಷ ತನಗಿಂತ ದೊಡ್ಡವನಾಗುತ್ತಾನೆ, ನಾಡಿದ್ದು ತನ್ನ ಟಿಕೆಟ್ಟಿಗೇ ಕೈ ಹಾಕುತ್ತಾನೆ ಅನ್ನುವ ಭಯ ಸ್ವಂತ ಪಕ್ಷದವರಲ್ಲೇ ಇತ್ತು. ಅವರನ್ನು ಸಮಾಧಾನ ಮಾಡಲು ತಾಲ್ಲೂಕು ಸಮಿತಿಗೆ ಶಾಸಕರನ್ನೇ ಅಧ್ಯಕ್ಷರನ್ನಾಗಿ ಮಾಡಿದರು. ಆ ಸಮಿತಿಗೆ ಹೆಚ್ಚಿನ ಅಧಿಕಾರ ಇರಲಿಲ್ಲ, ಅದು ಬೇರೆ ಮಾತು. ನ್ಯಾಯ ಪಂಚಾಯತಿ ಕಾಗದದಲ್ಲೇ ಉಳಿಯಿತು. ಹೀಗೆ ಕೆಲವನ್ನು ಬಿಟ್ಟು, ಕೆಲವಕ್ಕೆ ಒಪ್ಪಿ, ಮುಖ್ಯವಾದದ್ದನ್ನು ಮಾತ್ರ ಗಟ್ಟಿಯಾಗಿ ಹಿಡಿದು ದಾಟಿಸಿದರು. ರಾಜಕಾರಣದ ಕಸುಬು ಅಂದರೆ ಇದೇ ಅಂತ ನನ್ನ ನಂಬಿಕೆ. ಹೆಗಡೆಯವರ ಬೆಂಬಲ ಇಲ್ಲದೆ ಇದು ಆಗುತ್ತಿರಲಿಲ್ಲ, ಅದನ್ನೂ ಹೇಳಬೇಕು.

1987ರ ಜನವರಿಯಲ್ಲಿ ಚುನಾವಣೆ ಆಯಿತು. ಆಗಿದ್ದ 19 ಜಿಲ್ಲೆಗಳಿಗೂ ಜಿಲ್ಲಾ ಪರಿಷತ್ತು ಬಂತು. ಕೆಲವು ಕಡೆ ಕಾಂಗ್ರೆಸ್ ಅಧಿಕಾರ ಹಿಡಿಯಿತು. ತಾನು ತಂದ ಕಾಯ್ದೆಯಿಂದ ವಿರೋಧ ಪಕ್ಷಕ್ಕೆ ಜಿಲ್ಲೆಗಳೇ ಸಿಗಬಹುದು ಅಂತ ಗೊತ್ತಿದ್ದೂ ಚುನಾವಣೆ ಮಾಡಿದ ಸರ್ಕಾರ ಅದು. ಕಾಲು ಭಾಗ ಸೀಟು ಹೆಂಗಸರಿಗೆ ಮೀಸಲು. ಪಂಚಾಯತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್‌ನಲ್ಲಿ. ಅದಕ್ಕೆ ಆರು ವರ್ಷ ಮುಂಚೆ ನಮ್ಮ ಹಳ್ಳಿಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಗೆದ್ದು ಮಂಡಲದ ಸಭೆಯಲ್ಲಿ ಕೂತಿದ್ದರು. ಗಂಡಂದಿರು, ಮೈದುನಂದಿರು ಅವರ ಪರವಾಗಿ ಮಾತಾಡಿದರು ಅಂತ ನೀವು ಹೇಳಬಹುದು. ಎಷ್ಟೋ ಕಡೆ ಹಾಗೇ ಆಯಿತು. ಆದರೆ ಮೊದಲ ಸಲ ಸುಮ್ಮನೆ ಕೂತವರು ಎಲ್ಲರೂ ಕೊನೆವರೆಗೆ ಸುಮ್ಮನೆ ಕೂರಲಿಲ್ಲ.

ಲಂಚ ಹಳ್ಳಿಗೆ ಬಂತು ಅನ್ನುತ್ತೀರಿ. ಬಂತು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಮೊದಲೂ ಲಂಚ ಇತ್ತು, ಅದು ನಮಗೆ ಕಾಣುತ್ತಿರಲಿಲ್ಲ. ಜಿಲ್ಲಾ ಕೇಂದ್ರದ ಆಫೀಸಿನಲ್ಲಿ ರಸ್ತೆ ಬಿಲ್ಲು ಪಾಸಾಗುವಾಗ ಎಷ್ಟು ಹೋಯಿತು ಅಂತ ಹಳ್ಳಿಯವರಿಗೆ ಹೇಗೆ ಗೊತ್ತಾಗಬೇಕು? ಮಂಡಲದ ಅಧ್ಯಕ್ಷ ತಿಂದರೆ ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಸುದ್ದಿ. ತಿಂದವನು ಎದುರಿಗೇ ಓಡಾಡುತ್ತಾನೆ, ಮುಂದಿನ ಸಲ ಮತಕ್ಕೂ ನಿಮ್ಮ ಮನೆಗೇ ಬರಬೇಕು. ಇನ್ನೊಂದು ಫಲವನ್ನೂ ಆ ವ್ಯವಸ್ಥೆಯನ್ನು ಅಧ್ಯಯನ ಮಾಡಿದವರು ಗುರುತಿಸಿದ್ದಾರೆ. ಶಾಲೆಗೆ ಬಾರದ ಮೇಷ್ಟ್ರು, ಆಸ್ಪತ್ರೆಗೆ ಬಾರದ ಡಾಕ್ಟ್ರು ಸರಿಯಾಗಿ ಬರಲು ಶುರು ಮಾಡಿದರು. ಯಾಕೆಂದರೆ ಕೇಳುವವರು ಅದೇ ಊರಲ್ಲಿ ಇದ್ದರು.

ನಜೀರ್ ಸಾಬ್ ಇದನ್ನು ಬಹಳ ಕಾಲ ನೋಡಲಿಲ್ಲ. 1988ರ ಆಗಸ್ಟ್‌ನಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಅಕ್ಟೋಬರ್‌ನಲ್ಲಿ ಇವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಪರಿಷತ್ತುಗಳಿಗೆ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮೈಸೂರಿನಲ್ಲಿ ಪಂಚಾಯತಿ ಸದಸ್ಯರಿಗೂ ಅಧಿಕಾರಿಗಳಿಗೂ ತರಬೇತಿ ಕೊಡುವ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ.

ಆಮೇಲೆ ಏನಾಯಿತು ಅನ್ನುವುದು ಇನ್ನೂ ಮುಖ್ಯ. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿಯಿತು, ಚುನಾವಣೆ ಬದಲು ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯ್ದೆಯಲ್ಲಿ ಮಂಡಲ ಹೋಗಿ ಗ್ರಾಮ ಪಂಚಾಯತಿ ಬಂತು. ಹೆಂಗಸರ ಮೀಸಲು ಮೂರನೇ ಒಂದಾಯಿತು, ಮುಂದೆ ಅರ್ಧವೂ ಆಯಿತು. ಇವೆಲ್ಲ ಒಳ್ಳೆಯದೇ. ಆದರೆ ಡಿಸಿಗಿಂತ ಹಿರಿಯ ಅಧಿಕಾರಿ ಜಿಲ್ಲಾ ಪಂಚಾಯತಿಯಲ್ಲಿ ಕೂರುವ ಪದ್ಧತಿ ಹೋಯಿತು. ಹೊಸ ಹೊಸ ಯೋಜನೆಗಳ ಹಣ ಪಂಚಾಯತಿಯನ್ನು ಬಿಟ್ಟು ನೇರವಾಗಿ ಇಲಾಖೆಗಳ ಕೈಗೇ ಹೋಗತೊಡಗಿತು. 2016ರಲ್ಲಿ ಗೆದ್ದ ಜಿಲ್ಲಾ, ತಾಲ್ಲೂಕು ಪಂಚಾಯತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಹೇಳುತ್ತಾ ವರ್ಷಗಳೇ ಉರುಳಿದವು. ಎಲ್ಲ ಪಕ್ಷದವರೂ ಅಧಿಕಾರದಲ್ಲಿದ್ದಾಗ ಮುಂದೂಡಿದರು, ವಿರೋಧದಲ್ಲಿದ್ದಾಗ ಕೇಳಿದರು. ನಿಮ್ಮ ತಾಲ್ಲೂಕಿನ ನೀರಿನ ಬಗ್ಗೆ ಜಿಲ್ಲೆಯ ಸಭೆಯಲ್ಲಿ ಎದ್ದು ನಿಂತು ಕೇಳಲು ನೀವು ಆರಿಸಿದ ಸದಸ್ಯರೇ ಇಲ್ಲದೆ ವರ್ಷಗಟ್ಟಲೆ ಕಳೆದಿದೆ. ಇದಕ್ಕೆ ಸಿಟ್ಟು ಬರಬೇಕು ಸರ್. ನನಗಂತೂ ಬರುತ್ತದೆ.

ಮುಖ್ಯಮಂತ್ರಿ ಆಗಲಿಲ್ಲ, ದಿಲ್ಲಿಗೆ ಹೋಗಲಿಲ್ಲ ಅಂತ ಬರೆದಿದ್ದೀರಿ. ನಮ್ಮ ಪತ್ರಿಕೆ ಅಂಥವರ ಬಗ್ಗೆಯೇ ಇನ್ನೂ ಬರೆಯುತ್ತದೆ. ಒಂದು ರಾಜ್ಯದ ಒಂದು ಖಾತೆ ಹಿಡಿದು ಐದಾರು ವರ್ಷದಲ್ಲಿ ಅವರು ಮಾಡಿದ ಕೆಲಸವನ್ನು, ಸಂವಿಧಾನದ ತಿದ್ದುಪಡಿಯ ಮಾತು ಬಂದಾಗ, ಪಶ್ಚಿಮ ಬಂಗಾಳದ ಪಂಚಾಯತಿಗಳ ಅನುಭವದ ಜೊತೆಗೆ ದೇಶವೆಲ್ಲ ಮುಂದಿಟ್ಟುಕೊಂಡು ಚರ್ಚಿಸಿತು. ದಿಲ್ಲಿಗೆ ಹೋದ ಎಷ್ಟು ಮಂದಿ ಕನ್ನಡಿಗ ಮಂತ್ರಿಗಳ ಬಗ್ಗೆ ಈ ಮಾತು ಹೇಳಬಹುದು?

ನಿಮ್ಮಲ್ಲಿ ಒಂದು ಕೋರಿಕೆ. ಪಾವಗಡದ ಫ್ಲೋರೈಡ್ ಬಗ್ಗೆ ನೀವೇ ಒಂದು ಲೇಖನ ಬರೆದುಕೊಡಿ. ಶುದ್ಧ ನೀರಿನ ಘಟಕ ಯಾವ ಯಾವ ಊರಲ್ಲಿ ಇದೆ, ಯಾವುದು ಕೆಟ್ಟು ನಿಂತಿದೆ, ರಿಪೇರಿ ಯಾರ ಜವಾಬ್ದಾರಿ ಅನ್ನುವುದೆಲ್ಲ ಬರಲಿ, ಜಾಗ ನಾವು ಕೊಡುತ್ತೇವೆ. ಹಾಗೆಯೇ 1987ರಲ್ಲಿ ಮಂಡಲ ಪಂಚಾಯತಿಗೆ ಗೆದ್ದ ಹೆಣ್ಣುಮಕ್ಕಳು ನಿಮ್ಮ ಸುತ್ತಮುತ್ತ ಯಾರಾದರೂ ಇದ್ದರೆ ಮಾತಾಡಿಸಿ. ಈಗ ಅವರಿಗೆ ಅರವತ್ತು, ಎಪ್ಪತ್ತು ದಾಟಿರುತ್ತದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಕಳಿಸಿ. ಬೇರೆ ಜಿಲ್ಲೆಗಳ ಓದುಗರಿಗೂ ಇದೇ ಕೋರಿಕೆ.