ಸಂಬಳ ಕಡಿಮೆ, ಸೌಲಭ್ಯ ಜಾಸ್ತಿ: ಆಫರ್ ಒಪ್ಪುವ ಮುಂಚೆ

ಸಂಬಳ ಕಡಿಮೆ ಕೊಟ್ಟು ಮಿತಿಯಿಲ್ಲದ ರಜೆ, ಪುಕ್ಕಟೆ ಊಟ ಎಲ್ಲ ಯಾಕೆ ಕೊಡುತ್ತಾರೆ ಅಂತ ಕೇಳಿದ್ದೀರಿ. ಹೆಚ್ಚಾಗಿ ಕಾರಣ ಇದು: ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಹುಡುಕಿ ಕೆಲಸ ಕಲಿಸೋದಕ್ಕಿಂತ ಇರುವವರನ್ನು ಉಳಿಸಿಕೊಳ್ಳೋದು ಅಗ್ಗ. ರಜೆಯದ್ದು ಬೇರೆ ಲೆಕ್ಕ. ಎಣಿಕೆಯೇ ಇಲ್ಲದಿದ್ದರೆ ಉಳಿದ ರಜೆ ಅನ್ನೋದೂ ಇರಲ್ಲ, ಹಾಗಾಗಿ ನೀವು ಕೆಲಸ ಬಿಡುವಾಗ ಅದಕ್ಕೆ ದುಡ್ಡು ಕೊಡುವ ಹೊಣೆ ಎಷ್ಟೋ ಸಲ ಕಂಪನಿಗೆ ಬರುವುದಿಲ್ಲ.

ಮೊದಲು, ನೀವು ಸೇರುವ ಟೀಮಿನವರೊಬ್ಬರನ್ನು ಕೇಳಿ: ಕಳೆದ ವರ್ಷ ನೀವು ಎಷ್ಟು ದಿನ ರಜೆ ಹಾಕಿದಿರಿ? ಎಚ್‌ಆರ್‌ನವರನ್ನಲ್ಲ, ಜೊತೆಗೆ ಕೆಲಸ ಮಾಡುವವರನ್ನೇ. ಕಂಪನಿ ನಿಜವಾಗಿಯೂ ಉದಾರವಾಗಿರಬಹುದು, ಈ ಉತ್ತರದಲ್ಲೇ ಗೊತ್ತಾಗುತ್ತೆ. ಜೊತೆಗೆ ರಾತ್ರಿ ಊಟ ಎಷ್ಟು ಗಂಟೆಗೆ ಅಂತಲೂ ಕೇಳಿ. ನಾನಿದ್ದ ಒಂದು ಕಡೆ ಊಟ ಎಂಟೂವರೆಗೆ ಬರುತ್ತಿತ್ತು, ಆರಕ್ಕೆ ಬ್ಯಾಗ್ ಎತ್ತಿದರೆ ಸುತ್ತ ಕೂತವರೆಲ್ಲ ತಲೆ ಎತ್ತಿ ನೋಡುತ್ತಿದ್ದರು.

ಆಮೇಲೆ ಆಫರ್ ಲೆಟರ್ ಓದಿ. ಜಾಯಿನಿಂಗ್ ಬೋನಸ್ ಇದ್ದರೆ ಎಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕು ನೋಡಿ. ಶೇರು ಕೊಟ್ಟರೆ ಬಹಳಷ್ಟು ಕಡೆ 4 ವರ್ಷಕ್ಕೆ ಹಂಚಿರುತ್ತಾರೆ, ಮೊದಲ ವರ್ಷ ಮುಗಿಯುವ ತನಕ ಒಂದೂ ನಿಮ್ಮದಲ್ಲ.

ಕೊನೆಗೆ, ನೀವು ನಿಜವಾಗಿ ಬಳಸುವ ಸೌಲಭ್ಯಗಳಿಗೆ ಮಾತ್ರ ಬೆಲೆ ಕಟ್ಟಿ. ಜಿಮ್‌ಗೆ ಹೋಗಲ್ಲ ಅಂದ್ರೆ ಅದು ಸೊನ್ನೆ ಅಲ್ವಾ? ಆ ಮೊತ್ತ ಸಂಬಳದ ಕೊರತೆ ತುಂಬದಿದ್ದರೆ, ಸಹಿ ಹಾಕುವ ಮುಂಚೆಯೇ ಮೂಲ ಸಂಬಳ ಜಾಸ್ತಿ ಮಾಡಿ ಅಂತ ಮೇಲ್‌ನಲ್ಲಿ ಕೇಳಿ.