ಎಂಆರ್‌ಐ ಆದ ಮೇಲೂ ಬೆನ್ನಿನ ನೀರು ಯಾಕೆ ತೆಗೆಯುತ್ತಾರೆ?

ಎಂಆರ್‌ಐ ನೋಡಿ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ (ರೋಗನಿರೋಧಕ ಶಕ್ತಿಯೇ ಮಿದುಳು, ಮಿದುಳುಬಳ್ಳಿಗೆ ಹಾನಿ ಮಾಡುವ ಕಾಯಿಲೆ), ಇರಬಹುದು ಅಂದಮೇಲೆ ಬೆನ್ನಿಗೆ ಸೂಜಿ ಚುಚ್ಚಿ ಮಿದುಳು, ಮಿದುಳುಬಳ್ಳಿಯ ಸುತ್ತ ಇರುವ ನೀರು ತೆಗೆಯುವುದು ಯಾಕೆ ಅಂತ ಕೇಳಿದ್ದೀರಿ. ಮಿದುಳಿನ ಬಿಳಿ ಮಚ್ಚೆಗಳು ಮೈಗ್ರೇನ್ ಇರುವವರಲ್ಲೂ ಕಾಣುತ್ತವೆ. ಹಾಗಾಗಿ ಇನ್ನೊಂದು ಸಾಕ್ಷಿ ಬೇಕು.

ಅದೇ ಆಲಿಗೋಕ್ಲೋನಲ್ ಬ್ಯಾಂಡ್. ಎಂಎಸ್‌ನಲ್ಲಿ ರೋಗನಿರೋಧಕ ಕಣಗಳು ಮಿದುಳಿನ ಭಾಗದಲ್ಲೇ ಬೀಡುಬಿಟ್ಟು ಐಜಿಜಿ ಎಂಬ ಪ್ರತಿಕಾಯ ತಯಾರಿಸುತ್ತವೆ. ಲ್ಯಾಬಿನಲ್ಲಿ ಬೆನ್ನಿನಿಂದ ತೆಗೆದ ನೀರನ್ನು ಜೆಲ್ ಮೇಲೆ ಹಾಕಿ ಕರೆಂಟ್ ಹರಿಸಿದರೆ ಈ ಪ್ರತಿಕಾಯಗಳು ಗೆರೆಗೆರೆಯಾಗಿ ನಿಲ್ಲುತ್ತವೆ; ಆ ಗೆರೆಗಳೇ ಬ್ಯಾಂಡ್. ಜೊತೆಗೆ ನಿಮ್ಮ ರಕ್ತವನ್ನೂ ಪಕ್ಕದಲ್ಲೇ ಓಡಿಸುತ್ತಾರೆ. ಎರಡರಲ್ಲೂ ಅವೇ ಗೆರೆಗಳಿದ್ದರೆ ರಕ್ತದಿಂದ ಬಂದವು ಎಂದರ್ಥ. ನೀರಿನಲ್ಲಿ ಮಾತ್ರ ಎರಡು ಅಥವಾ ಜಾಸ್ತಿ ಇದ್ದರೆ ಪಾಸಿಟಿವ್. ರಕ್ತದ ಜೊತೆ ಹೋಲಿಸದ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ.

ಲಾಭ ಏನು? ಒಂದೇ ಸಲ ಅಟ್ಯಾಕ್ ಆಗಿದೆ (ಎಂಎಸ್ ಲಕ್ಷಣಗಳು ಒಮ್ಮೆ ಮಾತ್ರ ಕಾಣಿಸಿಕೊಂಡಿವೆ), ಮಚ್ಚೆಗಳು ಎಂಎಸ್‌ಗೆ ಒಪ್ಪುವ ಬೇರೆ ಬೇರೆ ಜಾಗಗಳಲ್ಲಿವೆ ಎಂದುಕೊಳ್ಳಿ. ಬ್ಯಾಂಡ್ ಸಿಕ್ಕರೆ, ಎಂಎಸ್ ಗುರುತಿಸಲು ವೈದ್ಯರು ಬಳಸುವ ಮೆಕ್‌ಡೊನಾಲ್ಡ್ ಮಾನದಂಡದ 2017ರ ಆವೃತ್ತಿಯ ಪ್ರಕಾರ ಎರಡನೇ ಅಟ್ಯಾಕ್‌ಗೆ ಕಾಯಬೇಕಿಲ್ಲ. ಔಷಧ ಬೇಗ ಶುರುವಾಗುತ್ತದೆ.

ಆದರೆ ಪಾಸಿಟಿವ್ ಬಂದ ಮಾತ್ರಕ್ಕೆ ಎಂಎಸ್ ಅಂತಲ್ಲ. ಮಿದುಳಿಗೆ ಹರಡಿದ ಸಿಫಿಲಿಸ್‌ನಲ್ಲೂ, ದಡಾರ ಬಂದು ವರ್ಷಗಳ ನಂತರ ಕಾಡುವ ಎಸ್‌ಎಸ್‌ಪಿಇ ಎಂಬ ಮಿದುಳಿನ ಕಾಯಿಲೆಯಲ್ಲೂ ಬ್ಯಾಂಡ್ ಇರುತ್ತದೆ. ನೆಗೆಟಿವ್ ಬಂದರೆ ಎಂಎಸ್ ಇಲ್ಲವೇ ಇಲ್ಲ ಎನ್ನುವಂತೆಯೂ ಇಲ್ಲ. ಯುರೋಪಿನಲ್ಲಿ ಎಂಎಸ್ ಇರುವ ಬಹುಪಾಲು ಜನರಿಗೆ ಬ್ಯಾಂಡ್ ಸಿಗುತ್ತದೆ, ಏಷ್ಯಾದವರಲ್ಲಿ ಕಡಿಮೆ. ಎಂಎಸ್‌ನಂತೆಯೇ ಕಾಣುವ ನ್ಯೂರೋಮೈಲೈಟಿಸ್ ಆಪ್ಟಿಕಾ (ಎನ್‌ಎಂಒ) ಬೇರೆ ಕಾಯಿಲೆ. ಅದರ ಅಕ್ವಪೊರಿನ್-4 ಪ್ರತಿಕಾಯವನ್ನು ರಕ್ತದಲ್ಲೇ ಹುಡುಕುತ್ತಾರೆ.

ಸೂಜಿಯ ಭಯ ಸಹಜ ಅಲ್ವಾ? ಮಿದುಳುಬಳ್ಳಿ ಮುಗಿದ ಮೇಲೆ, ಅದಕ್ಕಿಂತ ಕೆಳಗೆ ಚುಚ್ಚುತ್ತಾರೆ. ಕೆಲವರಿಗೆ ಕೆಲವು ದಿನ ಎದ್ದು ಕೂತರೆ ತಲೆನೋವು ಬರುತ್ತದೆ, ಮಲಗಿದರೆ ಇಳಿಯುತ್ತದೆ.